ಹಾಳೆ ತುಂಬಿದೆ, ಮಾತು ತಲುಪಿಲ್ಲ: ಐಸಿಯುವಿನಲ್ಲಿ ಪಾಳಿ ಹಸ್ತಾಂತರ

ಪ್ರಶ್ನೆ: ನಾನು ನಾಲ್ಕು ವರ್ಷಗಳಿಂದ ಐಸಿಯುವಿನಲ್ಲಿ ನರ್ಸ್ ಆಗಿದ್ದೇನೆ. ಪಾಳಿ ಬದಲಾಗುವಾಗ ತುಂಬಲೆಂದು ನಮ್ಮ ಘಟಕದಲ್ಲಿ ಕಳೆದ ವರ್ಷ ಎರಡು ಪುಟಗಳ ಮುದ್ರಿತ ನಮೂನೆಯನ್ನು ಜಾರಿಗೆ ತಂದರು. ಎಲ್ಲ ಅಂಕಣಗಳನ್ನೂ ತುಂಬಿ, ಸಹಿ ಹಾಕಿ, ಓವರ್ ಕೊಟ್ಟೇ (ಮುಂದಿನ ಪಾಳಿಯವರಿಗೆ ರೋಗಿಯನ್ನು ಒಪ್ಪಿಸಿಯೇ) ಮನೆಗೆ ಹೋಗುತ್ತೇವೆ. ಆದರೂ ಆಗಾಗ ಏನಾದರೊಂದು ತಪ್ಪಿಹೋಗುತ್ತದೆ: ಕಳುಹಿಸಬೇಕಿದ್ದ ರಕ್ತದ ಮಾದರಿ ಉಳಿದುಬಿಡುತ್ತದೆ, ಬೆಳಿಗ್ಗೆ ನಿಲ್ಲಿಸಿದ ಔಷಧ ರಾತ್ರಿ ಮತ್ತೆ ಹೋಗುತ್ತದೆ. ಆಗ ‘ಹಾಳೆಯಲ್ಲಿ ಬರೆದಿತ್ತಲ್ಲ’ ಎನ್ನುತ್ತಾರೆ ಒಬ್ಬರು, ‘ನನಗೆ ಯಾರೂ ಹೇಳಲಿಲ್ಲ’ ಎನ್ನುತ್ತಾರೆ ಇನ್ನೊಬ್ಬರು. ಒಬ್ಬ ರೋಗಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಡ ಎಂಬ ಸೂಚನೆಯೂ ಇದೆ. ತಪ್ಪು ಎಲ್ಲಾಗುತ್ತಿದೆ? ಮನೆ ಸೇರಿದ ಮೇಲೆ ಹೇಳಲು ಮರೆತದ್ದು ನೆನಪಾದರೆ ಏನು ಮಾಡಬೇಕು?

ಉತ್ತರ: ನೀವು ಉಲ್ಲೇಖಿಸಿರುವ ಇಬ್ಬರ ಮಾತುಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎಂದು ತೀರ್ಮಾನಿಸಲು ಹೊರಟರೆ ದಾರಿ ತಪ್ಪುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಹೆಚ್ಚು. ಹಾಳೆಯಲ್ಲಿ ಬರೆದಿದ್ದೂ ಹೌದು, ಬಂದವರ ಮನಸ್ಸಿಗೆ ಅದು ತಲುಪದೇ ಇದ್ದದ್ದೂ ಹೌದು. ನಮೂನೆಯೆಂಬುದು ಮಾಹಿತಿಯನ್ನು ಕಾಪಿಡುವ ಸಾಧನ. ಆ ಮಾಹಿತಿಯಲ್ಲಿ ಈ ರಾತ್ರಿಯ ಮಟ್ಟಿಗೆ ಯಾವುದು ಜೀವಕ್ಕೆ ಸಂಬಂಧಿಸಿದ್ದು, ಯಾವುದು ದಾಖಲೆಗಷ್ಟೇ ಸಂಬಂಧಿಸಿದ್ದು ಎಂದು ಅದು ತಾನಾಗಿ ಹೇಳಲಾರದು. ಹಾಸುಗೆ ಹುಣ್ಣಿನ ಅಂಕಣವೂ ಉಸಿರಾಟದ ನಳಿಕೆಯ ಅಂಕಣವೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ನಾನು ಕಂಡ ಮಟ್ಟಿಗೆ ಹೆಚ್ಚಿನ ಘಟಕಗಳು ಹೇಳುವವರು ಏನು ಹೇಳಬೇಕೆಂಬುದರ ಮೇಲೆ ವರ್ಷಗಟ್ಟಲೆ ಶ್ರಮ ಹಾಕುತ್ತವೆ, ಕೇಳಿಸಿಕೊಂಡವರು ಏನು ತಿಳಿದುಕೊಂಡರು ಎಂದು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ. ನಿಮ್ಮಲ್ಲಿಯೂ ಕೊರತೆ ಅಲ್ಲಿಯೇ ಇರಬಹುದೆಂದು ನನ್ನ ಅನಿಸಿಕೆ.

ಹಾಗೆಂದು ಹಾಳೆಯನ್ನು ಹರಿದುಹಾಕಬೇಡಿ. ಬರಿಯ ನೆನಪನ್ನು ನಂಬಿದರೆ ಏನಾಗುತ್ತದೆಂಬುದನ್ನು 2005ರಲ್ಲಿ ಪ್ರಕಟವಾದ ಒಂದು ಚಿಕ್ಕ ಬ್ರಿಟಿಷ್ ಪ್ರಯೋಗ ಚೆನ್ನಾಗಿ ತೋರಿಸಿದೆ. ಹನ್ನೆರಡು ಕಾಲ್ಪನಿಕ ರೋಗಿಗಳ ವಿವರವನ್ನು ನರ್ಸ್‌ಗಳು ಒಬ್ಬರಿಂದ ಒಬ್ಬರಿಗೆ, ಸತತ ಐದು ಪಾಳಿಗಳಂತೆ, ದಾಟಿಸುತ್ತ ಹೋದರು. ಬಾಯಿಮಾತಿನಲ್ಲಷ್ಟೇ ದಾಟಿಸಿದಾಗ ಮೂರನೆಯ ಸುತ್ತಿನ ಹೊತ್ತಿಗೆ ವಿವರವೆಲ್ಲ ಕಳೆದುಹೋಗಿತ್ತು. ಕೇಳುತ್ತ ಟಿಪ್ಪಣಿ ಮಾಡಿಕೊಂಡಾಗ ಐದು ಸುತ್ತುಗಳ ಬಳಿಕ ಉಳಿದದ್ದು ಶೇ. 31ರಷ್ಟು ಮಾತ್ರ. ಮೊದಲೇ ಅಚ್ಚುಹಾಕಿದ ಹಾಳೆಯೊಂದಿಗೆ ಮಾತೂ ಸೇರಿದಾಗ ಹೆಚ್ಚೇನೂ ಕಳೆಯಲಿಲ್ಲ. ಎಂದರೆ ಅಂಕಿಸಂಖ್ಯೆಗಳನ್ನು ಹೊರುವ ಕೆಲಸಕ್ಕೆ ಹಾಳೆಯೇ ಬೇಕು. ಆದರೆ ಆ ಪ್ರಯೋಗದಲ್ಲಿ ಅಳೆದದ್ದು ವಿವರ ಉಳಿಯಿತೇ ಎಂಬುದನ್ನು. ಉಳಿದ ವಿವರವನ್ನು ಇಟ್ಟುಕೊಂಡು ಬಂದವರು ಸರಿಯಾದ ಕೆಲಸ ಮಾಡಬಲ್ಲರೇ ಎಂಬುದನ್ನಲ್ಲ.

ಹಾಳೆ ಇದ್ದೂ ಮಾತು ತಲುಪದೇ ಹೋದದ್ದಕ್ಕೆ ಆಸ್ಪತ್ರೆಯ ಹೊರಗಿನ ಒಂದು ದೊಡ್ಡ ನಿದರ್ಶನವಿದೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿಟ್ಟಿದ್ದರು. ಅದಕ್ಕೆ ಸಂಬಂಧಿಸಿದ ಅನುಮತಿ ಪತ್ರವನ್ನೂ ಬರೆದಿದ್ದರು. ಆದರೆ ಸಂಜೆ ಪಾಳಿ ಬದಲಾದಾಗ ಕವಾಟ ತನ್ನ ಜಾಗದಲ್ಲಿಲ್ಲವೆಂಬ ಸಂಗತಿ ರಾತ್ರಿಯವರಿಗೆ ತಿಳಿಯಲಿಲ್ಲ. ಜೊತೆಯ ಪಂಪು ಕೈಕೊಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಗಿ 167 ಜನ ಸತ್ತರು. ಕಾಗದವೇನೋ ಇತ್ತು. ಬೇಕಾದ ಹೊತ್ತಿನಲ್ಲಿ ಅದು ಬೇಕಾದವರ ಕಣ್ಣಿಗೆ ಮಾತ್ರ ಬೀಳಲಿಲ್ಲ.

ನನ್ನ ಕಿರಿಯ ದಿನಗಳ ಒಂದು ರಾತ್ರಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪಿನ ಒಂದು ಪಾಲು ನನ್ನದೇ ಆಗಿತ್ತು. ಸೋಂಕಿನಿಂದ ರಕ್ತದೊತ್ತಡ ಕುಸಿದಿದ್ದ, ಸುಮಾರು 60 ಕಿಲೋ ತೂಕದ ರೋಗಿ. ನಾರ್‌ಅಡ್ರಿನಲಿನ್ ಎಂಬ, ರಕ್ತದೊತ್ತಡ ಏರಿಸುವ ಔಷಧ ಸಿರಿಂಜ್ ಪಂಪಿನ ಮೂಲಕ ಹೋಗುತ್ತಿತ್ತು. ಸಂಜೆ ಪಾಳಿಯ ಸಹೋದ್ಯೋಗಿ ಹೊರಡುವ ಅವಸರದಲ್ಲಿ “ನಾರ್‌ಅಡ್ ಐದರಲ್ಲಿದೆ, ಬಿಪಿ ಚೆನ್ನಾಗಿ ನಿಂತಿದೆ” ಎಂದರು. ನಾನು ಪಂಪಿನ ಪರದೆ ನೋಡಿದೆ. ಗಂಟೆಗೆ 5 ಎಂಎಲ್ ಎಂದೇ ಇತ್ತು. ತಲೆಯಾಡಿಸಿದೆ. ನರ್ಸ್ ಕೂಡ ಅದೇ ಮಾತನ್ನು ಕೇಳಿಸಿಕೊಂಡರು, ಅದೇ ಅಂಕಿಯನ್ನು ಚಾರ್ಟಿನಲ್ಲಿ ನೋಡಿದರು. ಆದರೆ ಮಧ್ಯಾಹ್ನ ರೋಗಿಗೆ ಹೆಚ್ಚು ದ್ರವ ಹೋಗಬಾರದೆಂದು ಸಿರಿಂಜಿನ ಸಾಂದ್ರತೆಯನ್ನು ಇಮ್ಮಡಿ ಮಾಡಿದ್ದರು: 50 ಎಂಎಲ್‌ಗೆ 4 ಮಿಲಿಗ್ರಾಂ ಇದ್ದದ್ದು 8 ಮಿಲಿಗ್ರಾಂ ಆಗಿತ್ತು. ಸಿರಿಂಜಿನ ಮೇಲಿನ ಚೀಟಿಯಲ್ಲಿ ಅದು ಬರೆದಿತ್ತು, ಚೀಟಿಯ ಮುಖ ಮಾತ್ರ ಪಂಪಿನ ಒಳಬದಿಗೆ ತಿರುಗಿತ್ತು.

ರಾತ್ರಿ ಎರಡರ ಸುಮಾರಿಗೆ ಸಿರಿಂಜು ಮುಗಿಯುತ್ತ ಬಂತು. ನರ್ಸ್ ಘಟಕದ ರೂಢಿಯಂತೆ 4 ಮಿಲಿಗ್ರಾಮಿನ ಹೊಸ ಸಿರಿಂಜನ್ನು ತಯಾರಿಸಿ, ಅದೇ 5 ಎಂಎಲ್ ವೇಗಕ್ಕೆ ಇಟ್ಟರು. ಲೆಕ್ಕ ಹಾಕಿ ನೋಡಿ: ಅಲ್ಲಿಯವರೆಗೆ ಗಂಟೆಗೆ 800 ಮೈಕ್ರೋಗ್ರಾಂ, ಎಂದರೆ ಕಿಲೋಗೆ ನಿಮಿಷಕ್ಕೆ ಸುಮಾರು 0.22 ಮೈಕ್ರೋಗ್ರಾಂ ಹೋಗುತ್ತಿದ್ದ ಔಷಧ ಒಮ್ಮೆಲೇ 0.11ಕ್ಕೆ ಇಳಿಯಿತು. ಕೆಲವೇ ನಿಮಿಷಗಳಲ್ಲಿ ಸರಾಸರಿ ರಕ್ತದೊತ್ತಡ 68ರಿಂದ 50ರ ಕೆಳಗೆ ಬಂತು. ನಾವು ರಕ್ತಸ್ರಾವವಿದೆಯೇ, ಹೃದಯ ಸೋತಿದೆಯೇ ಎಂದು ಹುಡುಕುತ್ತ ಕೂತೆವು. ಪಂಪಿನ ಪರದೆಯ ಮೇಲೆ ಮೊದಲಿದ್ದ ಐದೇ ಇದ್ದುದರಿಂದ ಅದರ ಕಡೆಗೆ ಯಾರಿಗೂ ಅನುಮಾನ ಬರಲಿಲ್ಲ. ಕಸದ ಬುಟ್ಟಿಗೆ ಬಿದ್ದಿದ್ದ ಹಳೆಯ ಸಿರಿಂಜನ್ನು ಎತ್ತಿ ಚೀಟಿ ಓದಿದ ಮೇಲೆಯೇ ವಿಷಯ ತಿಳಿದದ್ದು. ರೋಗಿ ಉಳಿದರು.

ಆ ರಾತ್ರಿ ಯಾರೂ ಸುಳ್ಳು ಹೇಳಿರಲಿಲ್ಲ, ಯಾವ ಅಂಕಣವೂ ಖಾಲಿ ಇರಲಿಲ್ಲ. ‘ಐದು’ ಎಂಬ ಪದ ಹೇಳಿದವರ ಮನಸ್ಸಿನಲ್ಲಿ ಒಂದು ಪ್ರಮಾಣವಾಗಿತ್ತು, ಕೇಳಿದವರ ಮನಸ್ಸಿನಲ್ಲಿ ಇನ್ನೊಂದು ಪ್ರಮಾಣವಾಯಿತು. ಅಂದಿನಿಂದ ನಾನು ಪಂಪಿನ ವೇಗವನ್ನು ಎಂಎಲ್‌ನಲ್ಲಿ ಹೇಳಿದರೆ ಒಪ್ಪಿಕೊಳ್ಳುವುದಿಲ್ಲ. ಔಷಧದ ಹೆಸರು, ಸಿರಿಂಜಿನ ಸಾಂದ್ರತೆ, ಕಿಲೋಗೆ ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ, ಕಳೆದ ಆರು ಗಂಟೆಗಳಲ್ಲಿ ಅದು ಏರಿದೆಯೋ ಇಳಿದಿದೆಯೋ, ಈ ಸಿರಿಂಜು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬಿಷ್ಟನ್ನು ಇಬ್ಬರೂ ಪಂಪಿನ ಎದುರು ನಿಂತು, ಚೀಟಿಯನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಚಾರ್ಟಿಗೆ ತಾಳೆ ನೋಡಬೇಕು. ಇಂಥ ತಾಳೆ ನೋಡುವ ಕೆಲಸವನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತು ಮಾಡಲು ಬರುವುದಿಲ್ಲ.

ಹೇಳಿದವರಿಗೆ ತಾವು ಹೇಳಿದ್ದು ತಲುಪಿದೆ ಎಂದೇ ಅನ್ನಿಸುತ್ತದೆ ಎಂಬುದು ಈ ವಿಷಯದಲ್ಲಿ ಅತ್ಯಂತ ಮೋಸದ ಸಂಗತಿ. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿರಿಯ ವೈದ್ಯರು ಪಾಳಿ ಒಪ್ಪಿಸಿದ ಬಳಿಕ ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿದರು: ಈ ರೋಗಿಯ ವಿಷಯದಲ್ಲಿ ಅತಿ ಮುಖ್ಯವಾದ ಒಂದು ಮಾತು ಯಾವುದು? ಶೇ. 60ರಷ್ಟು ಸಂದರ್ಭಗಳಲ್ಲಿ ಒಪ್ಪಿಸಿದವರು ಅತಿ ಮುಖ್ಯವೆಂದು ಭಾವಿಸಿದ್ದ ಮಾತು ಪಡೆದವರಿಗೆ ತಲುಪಿಯೇ ಇರಲಿಲ್ಲ, ತಲುಪಿದೆಯೆಂದು ಒಪ್ಪಿಸಿದವರು ನಂಬಿದ್ದರೂ ಕೂಡ. ಹನ್ನೆರಡು ಗಂಟೆ ಒಬ್ಬ ರೋಗಿಯ ಪಕ್ಕದಲ್ಲಿ ಕಳೆದವರಿಗೆ ಆ ರೋಗಿಯ ಚಿತ್ರ ಎಷ್ಟು ನಿಚ್ಚಳವಾಗಿರುತ್ತದೆಂದರೆ, ಎರಡು ಪದ ಆಡಿದರೆ ಮಿಕ್ಕದ್ದೆಲ್ಲ ಎದುರಿನವರಿಗೂ ಹೊಳೆಯುತ್ತದೆ ಎಂಬ ಭ್ರಮೆ ತಾನಾಗಿ ಹುಟ್ಟುತ್ತದೆ. ಇದು ಅಜಾಗರೂಕತೆಯಲ್ಲ, ಚೆನ್ನಾಗಿ ಕೆಲಸ ಮಾಡಿದವರಲ್ಲಿಯೇ ಇದು ಹೆಚ್ಚು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಐಸಿಯುವಿನಲ್ಲಿ ಮಾತು ಎಷ್ಟು ಕಡಿಮೆ, ಅದರಿಂದಾಗುವ ಪ್ರಮಾದ ಎಷ್ಟು ಹೆಚ್ಚು ಎಂಬುದನ್ನು 1995ರ ಒಂದು ಇಸ್ರೇಲಿ ಅಧ್ಯಯನ ಅಳೆದಿತ್ತು. ಒಬ್ಬ ರೋಗಿಯ ಮೇಲೆ ದಿನಕ್ಕೆ ಸರಾಸರಿ 178 ಕೆಲಸಗಳು ನಡೆಯುತ್ತಿದ್ದವು, ಅವುಗಳಲ್ಲಿ ಸುಮಾರು 1.7 ತಪ್ಪುತ್ತಿದ್ದವು. ವೈದ್ಯರು ಮತ್ತು ನರ್ಸ್‌ಗಳ ನಡುವಿನ ಮಾತುಕತೆ ಒಟ್ಟು ಕೆಲಸಗಳಲ್ಲಿ ಶೇ. 2ರಷ್ಟು ಮಾತ್ರ ಇದ್ದರೂ ವರದಿಯಾದ ತಪ್ಪುಗಳಲ್ಲಿ ಶೇ. 37ರಷ್ಟಕ್ಕೆ ಅದರ ನಂಟಿತ್ತು.

ಈಗ ಪರಿಹಾರದ ಕಡೆಗೆ ಬರೋಣ. ಈ ಕ್ಷೇತ್ರದಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾಗಿರುವ ಕ್ರಮವೆಂದರೆ ‘ಐ-ಪಾಸ್’. ಅದರಲ್ಲಿ ಐದು ಹಂತಗಳಿವೆ: ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂಬುದು ಮೊದಲು, ಆಮೇಲೆ ಸಂಕ್ಷಿಪ್ತ ವೃತ್ತಾಂತ, ಆಮೇಲೆ ಮಾಡಬೇಕಾದ ಕೆಲಸಗಳು, ಆಮೇಲೆ ಹೀಗಾದರೆ ಹೀಗೆ ಮಾಡಿ ಎಂಬ ಮುನ್ಸೂಚನೆ, ಕೊನೆಗೆ ಪಡೆದವರು ತಮ್ಮ ಮಾತಿನಲ್ಲಿ ಅದನ್ನು ಮರಳಿ ಹೇಳುವುದು. 2014ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, 10,740 ದಾಖಲಾತಿಗಳನ್ನು ಹೋಲಿಸಿ ನೋಡಿದಾಗ, ವೈದ್ಯಕೀಯ ಪ್ರಮಾದಗಳು ಶೇ. 23ರಷ್ಟೂ ತಪ್ಪಿಸಬಹುದಾಗಿದ್ದ ಹಾನಿಗಳು ಶೇ. 30ರಷ್ಟೂ ಇಳಿದಿದ್ದವು. ಇದನ್ನು ಓದಿದ ಹಲವು ಆಸ್ಪತ್ರೆಗಳು ಐದು ಹಂತಗಳ ಚೀಟಿ ಅಚ್ಚುಹಾಕಿ ಕೈತೊಳೆದುಕೊಂಡವು. ಆದರೆ ಆ ಅಧ್ಯಯನದಲ್ಲಿ ಚೀಟಿಯ ಜೊತೆಗೆ ತರಬೇತಿಯಿತ್ತು, ಅಭಿನಯಿಸಿ ಕಲಿಯುವ ಪಾಠಗಳಿದ್ದವು, ಹಿರಿಯರು ಪಕ್ಕದಲ್ಲಿ ನಿಂತು ಹಸ್ತಾಂತರವನ್ನು ಗಮನಿಸಿ ಆಮೇಲೆ ತಿದ್ದುವ ವ್ಯವಸ್ಥೆಯಿತ್ತು. ನಿಮ್ಮ ಘಟಕದಲ್ಲಿ ಕಳೆದ ಒಂದು ವರ್ಷದಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ನಿಮ್ಮ ಹಸ್ತಾಂತರವನ್ನು ಆಲಿಸಿ, ಇಂಥದ್ದು ಚೆನ್ನಾಗಿತ್ತು, ಇಂಥದ್ದು ಬಿಟ್ಟುಹೋಯಿತು ಎಂದು ಹೇಳಿದ್ದಾರೆಯೇ? ಹೇಳಿಲ್ಲವಾದರೆ ನಿಮಗೆ ಸಿಕ್ಕಿರುವುದು ಆ ಪದ್ಧತಿಯ ಸಿಪ್ಪೆ ಮಾತ್ರ.

ಅಂದ ಹಾಗೆ, ಇನ್ನೊಂದು ಹೆಸರುವಾಸಿ ಕ್ರಮವಾದ ‘ಎಸ್‌ಬಾರ್’ ಅನ್ನು ಇದರೊಂದಿಗೆ ಬೆರೆಸಿಕೊಳ್ಳಬೇಡಿ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಆ ಕ್ರಮ ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಸಾಗುತ್ತದೆ. ರಾತ್ರಿ ವೈದ್ಯರನ್ನು ಫೋನಿನಲ್ಲಿ ಎಬ್ಬಿಸಿ ಒಂದು ತೊಂದರೆಯನ್ನು ತಿಳಿಸುವುದಕ್ಕೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಹದಿನಾಲ್ಕು ದಿನಗಳಿಂದ ಮಲಗಿರುವ, ಐದು ಅಂಗಗಳ ತೊಂದರೆಯಿರುವ ರೋಗಿಯನ್ನು ಒಪ್ಪಿಸುವುದಕ್ಕೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಐ-ಪಾಸ್‌ನ ಐದು ಹಂತಗಳಲ್ಲಿ ಎರಡರ ಬಗ್ಗೆ ಮಾತ್ರ ಹೆಚ್ಚು ಹೇಳುತ್ತೇನೆ, ಏಕೆಂದರೆ ಬಿಟ್ಟುಹೋಗುವುದು ಇವೇ. ಮೊದಲನೆಯದು ಮುನ್ಸೂಚನೆ. ‘ಮೂತ್ರದ ಪ್ರಮಾಣದ ಮೇಲೆ ಕಣ್ಣಿಡಿ’ ಎಂಬ ಮಾತಿಗೆ ಅರ್ಥವಿಲ್ಲ, ಏಕೆಂದರೆ ಐಸಿಯುವಿನಲ್ಲಿ ಎಲ್ಲರ ಮೂತ್ರದ ಮೇಲೂ ಎಲ್ಲರೂ ಕಣ್ಣಿಟ್ಟೇ ಇರುತ್ತಾರೆ. 60 ಕಿಲೋ ತೂಕದವರಲ್ಲಿ ಸತತ ಎರಡು ಗಂಟೆ, ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾದರೆ ಇಂಥ ವೈದ್ಯರಿಗೆ ತಿಳಿಸಿ, ಅವರು ಬರುವ ಮೊದಲು ಕ್ಯಾಥೆಟರ್ (ಮೂತ್ರದ ನಳಿಕೆ) ಕಟ್ಟಿಕೊಂಡಿದೆಯೇ ನೋಡಿ ಎಂದರೆ ಅದು ಮುನ್ಸೂಚನೆ. ಅದರಲ್ಲಿ ಒಂದು ಅಂಕಿ ಇರಬೇಕು, ಒಂದು ಕಾಲಾವಧಿ ಇರಬೇಕು, ಒಬ್ಬ ವ್ಯಕ್ತಿ ಇರಬೇಕು, ಒಂದು ಕೆಲಸ ಇರಬೇಕು. ಹೋಗುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಈ ರೋಗಿ ಇಂದು ರಾತ್ರಿ ಕೆಡುವುದಾದರೆ ಯಾವ ದಾರಿಯಲ್ಲಿ ಕೆಡುತ್ತಾರೆ? ಇದಕ್ಕೆ ಉತ್ತರ ಹೊಳೆದರೆ ಅಂಕಿ ತಾನಾಗಿ ಬರುತ್ತದೆ. ಉಸಿರಾಟದ ನಳಿಕೆ ಹಾಕುವಾಗ ಕಷ್ಟವಾಗಿತ್ತು ಎಂಬ ಸಂಗತಿಯಂತೂ ಯಾವ ಕಾರಣಕ್ಕೂ ಉಳಿದುಹೋಗಬಾರದು. ನಳಿಕೆ ಕಳಚಿಕೊಂಡ ಮೇಲೆ ಅದನ್ನು ಕೇಸ್ ಶೀಟಿನಲ್ಲಿ ಹುಡುಕುತ್ತ ಕೂರಲು ಸಮಯವಿರುವುದಿಲ್ಲ.

ಎರಡನೆಯದು ಮರಳಿ ಹೇಳುವುದು. ಇದನ್ನು ಗಿಳಿಪಾಠವೆಂದು ತಿಳಿದವರು ಬಹಳ. ‘ಸರಿ, ಗೊತ್ತಾಯಿತು’ ಎನ್ನುವುದಾಗಲಿ, ಕೇಳಿದ್ದನ್ನು ಅದೇ ಪದಗಳಲ್ಲಿ ಒಪ್ಪಿಸುವುದಾಗಲಿ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ರಾತ್ರಿ ಪಾಳಿಗೆ ಬಂದ ನರ್ಸ್ ಎಲ್ಲವನ್ನೂ ಕೇಳಿಸಿಕೊಂಡು ಹೀಗೆ ಹೇಳುತ್ತಾರೆ ಎಂದುಕೊಳ್ಳಿ: “ಬೆಡ್ ಆರು, ನ್ಯುಮೋನಿಯಾದಿಂದ ಸೆಪ್ಸಿಸ್, ವೆಂಟಿಲೇಟರ್‌ನಲ್ಲಿ ಮೂರನೇ ದಿನ. ಈ ರಾತ್ರಿ ಭಯ ಇರೋದು ಕಿಡ್ನಿದು. ಹತ್ತು ಗಂಟೆಗೆ ಪೊಟ್ಯಾಸಿಯಂಗೆ ರಕ್ತ ಕಳಿಸೋದು ನಾನು. ರಿಪೋರ್ಟ್ ಬಂದ ಮೇಲೆ ಅದನ್ನ ನೋಡಿ ಆರ್ಡರ್ ಹಾಕೋದು ಯಾರು, ಸಿಸ್ಟರ್?” ಕೊನೆಯ ಆ ಪ್ರಶ್ನೆಯನ್ನು ಗಮನಿಸಿ. ಹೋಗುತ್ತಿರುವವರು ರಕ್ತ ಕಳುಹಿಸಬೇಕೆಂದು ಹೇಳಿದ್ದರು, ಹಾಳೆಯಲ್ಲಿಯೂ ಅದು ಬರೆದಿತ್ತು. ವರದಿಯನ್ನು ಯಾರು ನೋಡಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ತನ್ನ ಮಾತಿನಲ್ಲಿ ಹೇಳಲು ಹೊರಟಾಗ ಮಾತ್ರ ಆ ತೂತು ಕಣ್ಣಿಗೆ ಬಿತ್ತು. ಮರಳಿ ಹೇಳುವುದರ ಉಪಯೋಗ ಇಂಥ ತೂತುಗಳನ್ನು ಕಾಣಿಸುವುದರಲ್ಲಿದೆ. ನೀವು ಹೇಳಿದ, ಉಳಿದುಹೋಗುವ ರಕ್ತದ ಮಾದರಿ ಮತ್ತು ಮತ್ತೆ ಹೋಗುವ ಔಷಧ, ಎರಡೂ ಇದೇ ಜಾತಿಯವು. ಔಷಧ ‘ನಿಲ್ಲಿಸಿದೆ’ ಎಂದು ಬರೆದಿರುತ್ತಾರೆ, ಏಕೆ ನಿಲ್ಲಿಸಿದರೆಂದು ಬರೆದಿರುವುದಿಲ್ಲ. ಕಾರಣ ಗೊತ್ತಿಲ್ಲದವರಿಗೆ ಅದು ಮರೆತುಹೋದ ಡೋಸಿನಂತೆ ಕಾಣುತ್ತದೆ.

ಇಲ್ಲಿ ಒಂದು ಸಂಕೋಚದ ಪ್ರಶ್ನೆಯೂ ಇದೆ. ಹತ್ತು ವರ್ಷ ಹಿರಿಯರಾದವರು ಒಪ್ಪಿಸುವಾಗ ಕಿರಿಯರು ಮರುಪ್ರಶ್ನೆ ಹಾಕಿದರೆ ಅದು ಅವರ ಮೇಲಿನ ಅಪನಂಬಿಕೆಯಂತೆ ಕೇಳಿಸಬಹುದು. ಈ ಸಂಕೋಚವನ್ನು ಕಿರಿಯರ ಧೈರ್ಯದಿಂದ ನಿವಾರಿಸಲು ಹೋಗುವುದು ಅನ್ಯಾಯ. ಹಿರಿಯರೇ ಮಾತು ಮುಗಿಸುವಾಗ ‘ನಾನೇನು ಬಿಟ್ಟೆ, ಹೇಳಿ’ ಎಂದು ಕೇಳುವ ರೂಢಿ ಮಾಡಿಕೊಂಡರೆ ಮರುಪ್ರಶ್ನೆ ಅಪರಾಧವಾಗಿ ಉಳಿಯುವುದಿಲ್ಲ. ನಮ್ಮ ಘಟಕದಲ್ಲಿ ಈ ಒಂದು ವಾಕ್ಯ ರೂಢಿಗೆ ಬರಲು ತಿಂಗಳುಗಳೇ ಹಿಡಿದವು. ಹೊಸ ನಮೂನೆಯಾದರೆ ಒಂದೇ ದಿನದಲ್ಲಿ ಜಾರಿಯಾಗುತ್ತಿತ್ತು.

ಜಾಗದ ವಿಷಯ. ಹಸ್ತಾಂತರದ ಮುಖ್ಯ ಭಾಗ ರೋಗಿಯ ಹಾಸುಗೆಯ ಪಕ್ಕದಲ್ಲಿಯೇ ನಡೆಯಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ತಲೆಯ ಕಡೆಯಿಂದ ಶುರುಮಾಡಿ: ನಳಿಕೆ ತುಟಿಯ ಬಳಿ ಎಷ್ಟು ಸೆಂಟಿಮೀಟರಿಗೆ ನಿಂತಿದೆ, ವೆಂಟಿಲೇಟರಿನಲ್ಲಿ ಆಮ್ಲಜನಕ ಎಷ್ಟು, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಎಷ್ಟು, ಅಲಾರಂ ಮಿತಿಗಳು ಈ ರೋಗಿಗೆ ತಕ್ಕಂತಿವೆಯೇ ಅಥವಾ ಯಾರೋ ಸದ್ದು ತಾಳಲಾರದೆ ಸಡಿಲಿಸಿದ್ದಾರೆಯೇ. ಆಮೇಲೆ ಪ್ರತಿಯೊಂದು ಕೊಳವೆಯನ್ನೂ ಪಂಪಿನಿಂದ ಚರ್ಮದವರೆಗೆ ಬೆರಳಿಟ್ಟು ಹಿಂಬಾಲಿಸಿ. ಯಾವ ಔಷಧ ಯಾವ ಲೈನಿನಲ್ಲಿ ಎಂಬುದನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಡ್ರೇನ್ (ದೇಹದೊಳಗಿನ ದ್ರವವನ್ನು ಹೊರಹರಿಸುವ ಕೊಳವೆ), ಮೂತ್ರದ ಚೀಲ, ಬೆನ್ನು, ಹಿಮ್ಮಡಿ. ಅಭ್ಯಾಸವಾದ ಮೇಲೆ ಇದಕ್ಕೆಲ್ಲ ಎರಡು ನಿಮಿಷ ಸಾಕು. ಆದರೆ ಎಲ್ಲವನ್ನೂ ಹಾಸುಗೆಯ ಪಕ್ಕದಲ್ಲಿಯೇ ಆಡಬಾರದು. ಮಂಪರಿನಲ್ಲಿರುವಂತೆ ಕಾಣುವ ರೋಗಿಗೂ ಮಾತು ಕೇಳಿಸುತ್ತಿರಬಹುದು. ಉಳಿಯುವ ಸಾಧ್ಯತೆಯ ಬಗೆಗಿನ ಚರ್ಚೆ, ಮನೆಯವರ ನಡುವಿನ ಭಿನ್ನಾಭಿಪ್ರಾಯ, ಸೋಂಕಿನ ಸ್ವರೂಪದಂತಹ ಗೋಪ್ಯ ಸಂಗತಿಗಳನ್ನು ಎರಡು ಹೆಜ್ಜೆ ಆಚೆ ಹೋಗಿ ಮುಗಿಸಿ. ಹೃದಯ ನಿಂತರೆ ಪುನಶ್ಚೇತನಕ್ಕೆ ಯತ್ನಿಸಬೇಕೇ ಬೇಡವೇ ಎಂಬ ನಿರ್ಧಾರ, ಅದನ್ನು ಮನೆಯವರಿಗೆ ಯಾರು, ಯಾವ ಮಾತಿನಲ್ಲಿ ತಿಳಿಸಿದ್ದಾರೆ ಎಂಬುದೂ ಹಸ್ತಾಂತರದ ಭಾಗವೇ. ಇದು ತಪ್ಪಿಹೋದರೆ ಹಗಲಿನವರು ಒಂದು ಹೇಳಿ ರಾತ್ರಿಯವರು ಇನ್ನೊಂದು ಹೇಳಿ ಮನೆಯವರ ನಂಬಿಕೆ ಒಂದೇ ದಿನದಲ್ಲಿ ಮುರಿಯುತ್ತದೆ.

ಅಡಚಣೆಗಳ ಬಗ್ಗೆ ವಿಮಾನಯಾನದವರಿಂದ ಒಂದು ನಿಯಮವನ್ನು ಎರವಲು ಪಡೆಯಬಹುದು. ಅಮೆರಿಕದಲ್ಲಿ 1981ರಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ ಏರುವಾಗ, ಇಳಿಯುವಾಗ ಮತ್ತು ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ಹಾರುವಾಗ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧವಿಲ್ಲದ ಮಾತು, ಕೆಲಸ ಎರಡೂ ನಿಷಿದ್ಧ. ಐಸಿಯುವಿನಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ಅಲಾರಂ ಹೊಡೆದರೆ ಯಾರಾದರೂ ಓಡಲೇಬೇಕು. ಆದರೆ ಹಸ್ತಾಂತರದ ಅರ್ಧ ಗಂಟೆಯಲ್ಲಿ ಅಲಾರಂಗಳಿಗೂ ಫೋನಿಗೂ ಓಗೊಡುವುದು ಇಂಥವರೊಬ್ಬರ ಕೆಲಸ ಎಂದು ಮೊದಲೇ ಗೊತ್ತುಮಾಡಿದರೆ ಮಿಕ್ಕವರ ಮಾತು ತುಂಡಾಗುವುದಿಲ್ಲ. ಮಾತು ತುಂಡಾದರೆ ನಿಂತ ಜಾಗದಿಂದ ಮುಂದುವರಿಸಬೇಡಿ. ಆ ರೋಗಿಯದ್ದನ್ನು ಮೊದಲಿನಿಂದ ಹೇಳಿ.

ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ನೇರವಾಗಿ ಬರುವ ರೋಗಿಗಳದ್ದು ಬೇರೆಯೇ ಸಮಸ್ಯೆ, ಏಕೆಂದರೆ ಅಲ್ಲಿ ಯಂತ್ರಗಳ ಹಸ್ತಾಂತರವೂ ಮಾತಿನ ಹಸ್ತಾಂತರವೂ ಒಟ್ಟಿಗೆ ನಡೆಯುತ್ತವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ತಂಡವು ಫೆರಾರಿ ಫಾರ್ಮುಲಾ ಒನ್ ಕಾರುಗಳ ಚಕ್ರ ಬದಲಿಸುವ ತಂಡದವರಿಂದಲೂ ವಿಮಾನ ಚಾಲಕರಿಂದಲೂ ಪಾಠ ಕಲಿತು ತನ್ನ ಕ್ರಮವನ್ನು ಬದಲಿಸಿಕೊಂಡಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ಹಸ್ತಾಂತರಕ್ಕೆ ಸರಾಸರಿ 5.42 ಇದ್ದ ತಾಂತ್ರಿಕ ದೋಷಗಳು 3.15ಕ್ಕೆ, 2.09 ಇದ್ದ ಮಾಹಿತಿ ಲೋಪಗಳು 1.07ಕ್ಕೆ ಇಳಿದಿದ್ದವು, ಹಿಡಿದ ಸಮಯವೂ 10.8 ನಿಮಿಷದಿಂದ 9.4ಕ್ಕೆ ಬಂದಿತ್ತು. ಅವರು ಮಾಡಿದ ದೊಡ್ಡ ಬದಲಾವಣೆ ಸರಳವಾದದ್ದು. ಮೊದಲು ವೆಂಟಿಲೇಟರ್, ಮಾನಿಟರ್, ಪಂಪುಗಳನ್ನು ಜೋಡಿಸಿ ಮುಗಿಸುವುದು. ಕೈಗಳು ಖಾಲಿಯಾದ ಮೇಲೆ ಅರಿವಳಿಕೆ ತಜ್ಞರು, ಆಮೇಲೆ ಶಸ್ತ್ರಚಿಕಿತ್ಸಕರು ಮಾತಾಡುವುದು. ಕೈಗೆ ಕೆಲಸವಿರುವಾಗ ಕಿವಿ ಅರ್ಧವೇ ತೆರೆದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮೂರು ನಿಮಿಷದ ಸೂಚನೆಗೆ ಬರುತ್ತೇನೆ. ಸರಾಸರಿಯಾಗಿ ಅದು ಕೆಟ್ಟ ಅಂಕಿಯಲ್ಲ. ಮೇಲೆ ಹೇಳಿದ ಐ-ಪಾಸ್ ಅಧ್ಯಯನದಲ್ಲಿಯೇ ಬಾಯಿಮಾತಿನ ಹಸ್ತಾಂತರಕ್ಕೆ ಒಬ್ಬ ರೋಗಿಗೆ ಮೊದಲು 2.4 ನಿಮಿಷ, ಹೊಸ ಕ್ರಮ ಬಂದ ಮೇಲೆ 2.5 ನಿಮಿಷ ಹಿಡಿದಿತ್ತು. ಸುಧಾರಣೆಗೆ ಹೆಚ್ಚುವರಿ ಸಮಯವೇನೂ ಬೇಕಾಗಲಿಲ್ಲ. ಆದರೆ ಅವು ಮಕ್ಕಳ ವಾರ್ಡುಗಳು, ನಿಮ್ಮದು ಐಸಿಯು. ಅಲ್ಲದೆ ಎಲ್ಲರಿಗೂ ಸಮನಾಗಿ ಮೂರು ನಿಮಿಷ ಹಂಚುವುದು ಹಸ್ತಾಂತರದ ಉದ್ದೇಶಕ್ಕೇ ವಿರುದ್ಧ. ನಾಳೆ ವಾರ್ಡಿಗೆ ಹೋಗಲಿರುವ ರೋಗಿಗೆ ಒಂದೂವರೆ ನಿಮಿಷ ಸಾಕು, ಇಂದು ಸಂಜೆಯಷ್ಟೇ ಡಯಾಲಿಸಿಸ್ ಶುರುವಾದವರಿಗೆ ಎಂಟು ನಿಮಿಷವೂ ಬೇಕಾಗಬಹುದು. ಐಸಿಯು ವೈದ್ಯರ ಹಸ್ತಾಂತರವನ್ನು ಗಮನಿಸಿದ 2012ರ ಒಂದು ಅಧ್ಯಯನದಲ್ಲಿ, ರೋಗ ಎಷ್ಟೇ ಗಂಭೀರವಾಗಿರಲಿ, ಪಟ್ಟಿಯಲ್ಲಿ ಮೊದಲು ಬಂದವರಿಗೆ ಹೆಚ್ಚು ಸಮಯವೂ ಕೊನೆಯಲ್ಲಿದ್ದವರಿಗೆ ಕಡಿಮೆ ಸಮಯವೂ ಸಿಗುತ್ತಿದ್ದದ್ದು ಕಂಡುಬಂತು. ಬೆಡ್ ಸಂಖ್ಯೆಯ ಪ್ರಕಾರ ಹೋಗುವ ನಮ್ಮ ರೂಢಿಯಲ್ಲಿ ಹನ್ನೆರಡನೆಯ ಬೆಡ್ಡಿನವರು ಪ್ರತಿ ಪಾಳಿಯಲ್ಲೂ ನಷ್ಟ ಅನುಭವಿಸುತ್ತಾರೆ. ಅತಿ ಗಂಭೀರವಾದವರಿಂದ ಶುರುಮಾಡಿ. ನಿಮ್ಮ ಮೇಲಧಿಕಾರಿಗಳಿಗೆ ಒಟ್ಟು ಸಮಯದ ಮಿತಿ ಬೇಕೆಂದಾದರೆ ಘಟಕಕ್ಕೊಂದು ಮಿತಿ ಇರಲಿ, ತಲೆಗೊಂದು ಮಿತಿ ಬೇಡ ಎಂದು ಕೇಳಿಕೊಳ್ಳಿ.

ವೈದ್ಯರ ಹಸ್ತಾಂತರ ಒಂದು ಕೋಣೆಯಲ್ಲಿ, ನರ್ಸ್‌ಗಳದ್ದು ಇನ್ನೊಂದು ಕಡೆ ನಡೆಯುವುದೂ ನಿಮ್ಮ ತೊಂದರೆಗೆ ಕಾರಣವಿರಬಹುದು. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಐಸಿಯು ಒಂದರಲ್ಲಿ ಈ ರೋಗಿಗೆ ಇಂದು ಸಾಧಿಸಬೇಕಾದದ್ದೇನೆಂದು ಕೇಳಿದಾಗ ಸರಿಯಾಗಿ ಬಲ್ಲ ನರ್ಸ್‌ಗಳು ಮತ್ತು ಕಿರಿಯ ವೈದ್ಯರು ಶೇ. 10ಕ್ಕಿಂತ ಕಡಿಮೆಯಿದ್ದರು. ದಿನದ ಗುರಿಗಳನ್ನು ಒಂದು ಪುಟದಲ್ಲಿ ಬರೆದು ಹಾಸುಗೆಯ ಬಳಿ ಇಡತೊಡಗಿದ ಮೇಲೆ ಅದು ಶೇ. 95ಕ್ಕೂ ಮೇಲೇರಿತು, 2003ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಐಸಿಯುವಿನಲ್ಲಿ ಉಳಿಯುವ ಸರಾಸರಿ ಅವಧಿಯೂ 2.2 ದಿನಗಳಿಂದ 1.1 ದಿನಕ್ಕೆ ಇಳಿಯಿತು. ಅವಧಿಯ ಇಳಿಕೆಗೆಲ್ಲ ಆ ಪುಟವೊಂದೇ ಕಾರಣವೆಂದು ನಾನು ವಾದಿಸಲಾರೆ. ಆದರೆ ಇಬ್ಬರೂ ಒಂದೇ ಪುಟವನ್ನು ಓದುವುದರ ಲಾಭವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಎರಡು ಪುಟಗಳ ನಮೂನೆಯ ನೆತ್ತಿಯ ಮೇಲೆ ಮೂರು ಸಾಲುಗಳ ಜಾಗ ಬಿಡಿಸಿಕೊಳ್ಳಿ: ಈ ಪಾಳಿಯ ಗುರಿ, ಈ ಪಾಳಿಯ ಭಯ, ಇನ್ನೂ ಬಾರದ ವರದಿ ಮತ್ತು ಅದನ್ನು ನೋಡಬೇಕಾದವರು. ಮಿಕ್ಕ ಅಂಕಣಗಳಲ್ಲಿ ಚಾರ್ಟಿನಲ್ಲಿ ಈಗಾಗಲೇ ಇರುವುದನ್ನು ಮತ್ತೆ ಬರೆಯಿಸುವಂಥವು ಎಷ್ಟಿವೆ ಎಂದು ಎಣಿಸಿ ನೋಡಿದರೆ ತೆಗೆದುಹಾಕಬೇಕಾದವು ಯಾವುವು ಎಂದು ನಿಮಗೇ ತಿಳಿಯುತ್ತದೆ.

ಇಷ್ಟೆಲ್ಲ ಅಪಾಯದ ಮಾತಾಡಿದ ಮೇಲೆ ಒಂದು ಪ್ರಯೋಜನವನ್ನೂ ಹೇಳಬೇಕು. ಹನ್ನೆರಡು ಗಂಟೆಯಿಂದ ಒಂದೇ ರೋಗನಿರ್ಣಯವನ್ನು ನಂಬಿ ದುಡಿದವರ ಕಣ್ಣಿಗೆ ಬೀಳದ್ದು ಹೊಸದಾಗಿ ಬಂದವರ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿ ಒಪ್ಪಿಸುವಾಗ ‘ಇವರಿಗೆ ನ್ಯುಮೋನಿಯಾ’ ಎಂದು ಮುಗಿಸುವ ಬದಲು, ನ್ಯುಮೋನಿಯಾ ಎಂದು ಏಕೆ ಭಾವಿಸಿದ್ದೇವೆ, ಅದಕ್ಕೆ ಹೊಂದದ ಲಕ್ಷಣ ಯಾವುದಿದೆ ಎಂಬುದನ್ನೂ ಸೇರಿಸಿ. ಜ್ವರವಿಲ್ಲ, ಬಿಳಿಕಣ ಏರಿಲ್ಲ, ಆದರೆ ಎಕ್ಸ್-ರೇಯಲ್ಲಿ ಎರಡೂ ಕಡೆ ಬಿಳುಪಿದೆ ಎಂದು ನೀವು ಪ್ರಾಮಾಣಿಕವಾಗಿ ಹೇಳಿದರೆ, ರಾತ್ರಿ ಬಂದವರು ಇದು ಹೃದಯದ ತೊಂದರೆಯಿಂದ ಶ್ವಾಸಕೋಶಕ್ಕೆ ನೀರು ತುಂಬಿದ್ದಿರಬಹುದೇ ಎಂದು ಯೋಚಿಸುವ ಅವಕಾಶ ಉಳಿಯುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮನೆಗೆ ಹೋದ ಮೇಲೆ ನೆನಪಾದರೆ ಫೋನ್ ಮಾಡಿ. ಸಣ್ಣ ವಿಷಯವೆಂದು ಮುಜುಗರಪಡಬೇಡಿ. ಸಹೋದ್ಯೋಗಿಯ ಸ್ವಂತ ಮೊಬೈಲಿಗೆ ಸಂದೇಶ ಕಳುಹಿಸಿ ಸುಮ್ಮನಾಗಬೇಡಿ, ಅವರು ಅದನ್ನು ಬೆಳಿಗ್ಗೆ ನೋಡಬಹುದು, ರೋಗಿಯ ವಿವರ ಅಲ್ಲಿ ಉಳಿಯುವುದೂ ತರವಲ್ಲ. ಘಟಕದ ಫೋನಿಗೇ ಕರೆಮಾಡಿ, ಆ ರೋಗಿಯನ್ನು ನೋಡಿಕೊಳ್ಳುತ್ತಿರುವ ನರ್ಸ್ ಅನ್ನೇ ಕೇಳಿ ಕರೆಸಿಕೊಳ್ಳಿ. ಬೆಡ್ ಸಂಖ್ಯೆಯ ಜೊತೆ ರೋಗಿಯ ಹೆಸರನ್ನೂ ಹೇಳಿ, ಏಕೆಂದರೆ ಅಷ್ಟರಲ್ಲಿ ಬೆಡ್ ಬದಲಾಗಿರಬಹುದು. ಹೇಳಿದ್ದನ್ನು ಅವರಿಂದ ಮರಳಿ ಹೇಳಿಸಿ, ಕರೆ ಬಂದ ಸಮಯದೊಂದಿಗೆ ಚಾರ್ಟಿನಲ್ಲಿ ಬರೆದುಕೊಳ್ಳಲು ಕೇಳಿ, ಅವರು ಬರೆದು ಮುಗಿಸುವವರೆಗೆ ಫೋನ್ ಇಡಬೇಡಿ.